ಎರವಲು ಪುಸ್ತಕ, ಉಚಿತ ಪುಸ್ತಕ ಮತ್ತು ಇ-ರೀಡರ್‌ನ ಆಯ್ಕೆ

ಇ-ರೀಡರ್ ಕೊಳ್ಳಬೇಕೆಂದಿರುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಯಾವ ಕಂಪನಿಯದು ಉತ್ತಮವೆಂಬುದು. ಎರಡನೆಯದು ಅದರ ಬೆಲೆಯೆಷ್ಟೆಂಬುದು. ತನಗೆ ಬೇಕಾದ ಪುಸ್ತಕಗಳನ್ನೆಲ್ಲ ಹಣ ಕೊಟ್ಟು ಒಂದೇ ಅಂಗಡಿಯಿಂದ ತರಿಸಿಕೊಳ್ಳುವ ಸಂಕಲ್ಪವೂ ಸಾಮರ್ಥ್ಯವೂ ಉಳ್ಳವನಿಗೆ ಈ ಎರಡು ಪ್ರಶ್ನೆಗಳು ಸಾಕಾಗಬಹುದು. ಆದರೆ ಗ್ರಂಥಾಲಯದಿಂದ ಎರವಲು ತಂದು ಓದುವವನಿಗೂ, ಗ್ರಂಥಸ್ವಾಮ್ಯದ ಅವಧಿ ಮುಗಿದು ಸರ್ವಜನರ ಸ್ವತ್ತಾಗಿರುವ ಹಳೆಯ ಕೃತಿಗಳನ್ನು ಅರಸುವವನಿಗೂ, ಅದರಲ್ಲಿಯೂ ಅವನ್ನು ಕನ್ನಡದಲ್ಲಿಯೇ ಓದಬೇಕೆಂಬ ಹಂಬಲವುಳ್ಳವನಿಗೂ, ಇವೆರಡಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೊಂದುಂಟು: ನಾನು ಓದಬೇಕೆಂದಿರುವ ಪುಸ್ತಕ ಎಲ್ಲಿಂದ ಬರುತ್ತದೆ, ಯಾವ ರೂಪದಲ್ಲಿ ಬರುತ್ತದೆ? ಈ ಪ್ರಶ್ನೆಗೆ ಉತ್ತರ ದೊರೆತ ಮೇಲೆ ಸಾಧನದ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಇತ್ಯರ್ಥವಾಗುತ್ತದೆ. ದೊರೆಯದೆ ಕೊಂಡ ಸಾಧನ, ಎಷ್ಟೇ ಉತ್ತಮವಾದುದಾಗಿರಲಿ, ಕೆಲವು ತಿಂಗಳೊಳಗೆ ಮೇಜಿನ ಖಾನೆಯನ್ನು ಸೇರುವ ಸಂಭವವೇ ಹೆಚ್ಚು.

ಇ-ರೀಡರ್ ಎಂದು ನಾನಿಲ್ಲಿ ಹೇಳುತ್ತಿರುವುದು ಫೋನನ್ನೂ ಟ್ಯಾಬ್ಲೆಟ್ಟನ್ನೂ ಬಿಟ್ಟು, ಇ-ಇಂಕ್ ಎಂದು ಪ್ರಸಿದ್ಧವಾದ ಪರದೆಯುಳ್ಳ, ಓದುವುದಕ್ಕೆಂದೇ ನಿರ್ಮಿತವಾದ ಸಾಧನವನ್ನು. ಅಮೆರಿಕದ ಎಂ.ಐ.ಟಿ.ಯ ಮೀಡಿಯಾ ಲ್ಯಾಬ್‌ನಲ್ಲಿ ನಡೆದ ಸಂಶೋಧನೆಯಿಂದ ಹುಟ್ಟಿ, ೧೯೯೭ರಲ್ಲಿ ಸ್ಥಾಪಿತವಾದ ಇ-ಇಂಕ್ ಕಂಪನಿಯು ಬೆಳೆಸಿದ ಈ ಪರದೆಯೊಳಗೆ ಕೂದಲೆಳೆಯಷ್ಟು ಅಗಲದ ಅಸಂಖ್ಯಾತ ಸೂಕ್ಷ್ಮಕೋಶಗಳಿದ್ದು, ಒಂದೊಂದು ಕೋಶದ ದ್ರವದಲ್ಲಿಯೂ ಪರಸ್ಪರ ವಿರುದ್ಧವಾದ ವಿದ್ಯುದಾವೇಶವನ್ನು ಹೊತ್ತ ಕಪ್ಪು ಮತ್ತು ಬಿಳಿಯ ಕಣಗಳು ತೇಲುತ್ತಿರುತ್ತವೆ. ವಿದ್ಯುತ್ ಕ್ಷೇತ್ರದ ದಿಕ್ಕನ್ನು ಬದಲಿಸಿದಾಗ ಕಪ್ಪು ಕಣಗಳು ಮೇಲೆ ಬಂದೆಡೆಯಲ್ಲಿ ಅಕ್ಷರವೂ, ಬಿಳಿಯವು ಬಂದೆಡೆಯಲ್ಲಿ ಪುಟದ ಬಿಳುಪೂ ಕಾಣಿಸಿಕೊಳ್ಳುತ್ತವೆ. ಒಮ್ಮೆ ಮೂಡಿದ ಪುಟವನ್ನು ಹಾಗೆಯೇ ನಿಲ್ಲಿಸಿಕೊಳ್ಳಲು ವಿದ್ಯುತ್ತು ಬೇಕಿಲ್ಲ. ಪುಟ ಮಗುಚುವಾಗ ಮಾತ್ರ ಬೇಕು. ಆದುದರಿಂದಲೇ ಒಮ್ಮೆ ಚಾರ್ಜ್ ಮಾಡಿದ ಸಾಧನ ವಾರಗಟ್ಟಲೆ ನಡೆಯುತ್ತದೆ. ಫೋನಿನ ಬೆಳಕು ಪರದೆಯಿಂದ ಹೊರಟು ಕಣ್ಣಿಗೆ ನೇರವಾಗಿ ತಾಗಿದರೆ, ಇಲ್ಲಿ ಅಂಚಿನಲ್ಲಿರುವ ಸಣ್ಣ ದೀಪಗಳ ಬೆಳಕು ಪುಟದ ಮೇಲೆ ಹರಡಿ ಅಲ್ಲಿಂದ ಪ್ರತಿಫಲಿಸಿ ಬರುತ್ತದೆ. ಬಿಸಿಲಿನಲ್ಲಿ ಕುಳಿತರೆ ಅದೂ ಬೇಕಾಗುವುದಿಲ್ಲ. ಇಂಥ ಪರದೆಯ ಮೊದಲ ಓದುಯಂತ್ರವನ್ನು ೨೦೦೪ರಲ್ಲಿ ಜಪಾನಿನ ಸೋನಿ ಕಂಪನಿ ಮಾರುಕಟ್ಟೆಗೆ ತಂದಿತು. ೨೦೦೭ರ ನವೆಂಬರಿನಲ್ಲಿ ಅಮೆಜಾನ್ ಕಂಪನಿಯ ಕಿಂಡಲ್ ಹೊರಬಂದ ತರುವಾಯ ಜನ ಇದನ್ನು ವ್ಯಾಪಕವಾಗಿ ಬಳಸತೊಡಗಿದರು. ನಮ್ಮಲ್ಲಿ ಇಂದಿಗೂ ಎಷ್ಟೋ ಮಂದಿ ಇ-ರೀಡರ್ ಎಂಬುದಕ್ಕೆ ಕಿಂಡಲ್ ಎಂದೇ ಹೇಳುವುದುಂಟು. ಪರದೆಗಳನ್ನು ಮಾಡಿಕೊಡುವ ಕಂಪನಿ ಬಹುತೇಕ ಒಂದೇ ಆಗಿರುವುದರಿಂದ, ಓದುವ ಸುಖದಲ್ಲಿ ಇಂದಿನ ಒಳ್ಳೆಯ ಸಾಧನಗಳ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ಅಂತರವಿರುವುದು ಯಾವ ಸಾಧನ ಯಾವ ಪುಸ್ತಕವನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದರಲ್ಲಿ.

ಎರವಲು ಪುಸ್ತಕಗಳ ವಿಷಯವನ್ನು ಮೊದಲು ನೋಡೋಣ. ವಿದ್ಯುನ್ಮಾನ ಪುಸ್ತಕಗಳನ್ನು ಸಾರ್ವಜನಿಕ ಗ್ರಂಥಾಲಯದಿಂದ ಎರವಲು ಕೊಡುವ ವ್ಯವಸ್ಥೆ ವಿಶೇಷವಾಗಿ ಬೆಳೆದಿರುವುದು ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ. ಅಲ್ಲಿನ ಬಹುಸಂಖ್ಯೆಯ ಗ್ರಂಥಾಲಯಗಳು ಇದಕ್ಕಾಗಿ, ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ ೧೯೮೬ರಲ್ಲಿ ಆರಂಭವಾದ ಓವರ್‌ಡ್ರೈವ್ ಎಂಬ ಕಂಪನಿಯನ್ನು ಅವಲಂಬಿಸಿವೆ. ಅದರ ಲಿಬ್ಬಿ ಎಂಬ ಆ್ಯಪ್ ೨೦೧೭ರಲ್ಲಿ ಬಂದಿತು. ಊರಿನ ಗ್ರಂಥಾಲಯದ ಕಾರ್ಡು ಉಳ್ಳವನು ಮನೆಯಲ್ಲಿ ಕುಳಿತೇ ಪುಸ್ತಕವನ್ನು ಪಡೆಯುತ್ತಾನೆ. ಸಾಮಾನ್ಯವಾಗಿ ಎರಡು ಅಥವಾ ಮೂರು ವಾರಗಳ ಗಡುವು ಮುಗಿದೊಡನೆ ಅದು ತಾನಾಗಿಯೇ ಹಿಂದಿರುಗಿಹೋಗುತ್ತದೆ. ತಡವಾದುದಕ್ಕೆ ದಂಡ ತೆರುವ ಪ್ರಸಂಗವೇ ಇಲ್ಲ. ಇಷ್ಟು ಸುಲಭವಾದ ಮೇಲೆ ಒಂದೇ ಪುಸ್ತಕವನ್ನು ಏಕಕಾಲದಲ್ಲಿ ಸಾವಿರಾರು ಮಂದಿಗೆ ಕೊಡಬಹುದಲ್ಲವೆ, ಅದಕ್ಕೂ ಸರದಿ ಕಾಯುವುದೇಕೆ ಎಂದು ಹೊಸಬರು ಕೇಳುತ್ತಾರೆ. ಗ್ರಂಥಾಲಯ ಇಲ್ಲಿ ಕೊಂಡಿರುವುದು ಪುಸ್ತಕವನ್ನಲ್ಲ, ಒಂದು ಪರವಾನಗಿಯನ್ನು. ಒಂದು ಪರವಾನಗಿಗೆ ಒಂದು ಕಾಲದಲ್ಲಿ ಒಬ್ಬನೇ ಓದುಗನೆಂಬುದು ಸಾಮಾನ್ಯ ನಿಯಮ. ಅದಕ್ಕೂ ಆಯುಸ್ಸಿನ ಮಿತಿಯುಂಟು. ಹಾರ್ಪರ್‌ಕಾಲಿನ್ಸ್ ಪ್ರಕಾಶನವು ೨೦೧೧ರಲ್ಲಿ, ೨೬ ಸಲ ಎರವಲು ಹೋದ ಮೇಲೆ ಪರವಾನಗಿ ಮುಗಿದಂತೆ ಎಂದು ವಿಧಿಸಿತು. ಇನ್ನು ಕೆಲವರು ಎರಡು ವರ್ಷಗಳ ಗಡುವನ್ನಿಟ್ಟರು. ಮ್ಯಾಕ್‌ಮಿಲನ್ ಸಂಸ್ಥೆ ೨೦೧೯ರಲ್ಲಿ, ಹೊಸ ಪುಸ್ತಕವೊಂದು ಹೊರಬಂದ ಮೊದಲ ಎಂಟು ವಾರ ಒಂದು ಗ್ರಂಥಾಲಯ ಸಮೂಹಕ್ಕೆ, ಅದು ಎಷ್ಟೇ ದೊಡ್ಡದಿರಲಿ, ಒಂದೇ ಪ್ರತಿಯೆಂದು ನಿರ್ಬಂಧಿಸಿ, ಗ್ರಂಥಪಾಲಕರ ತೀವ್ರ ವಿರೋಧವನ್ನು ಎದುರಿಸಿ, ೨೦೨೦ರ ಮಾರ್ಚಿನಲ್ಲಿ ಆ ನಿರ್ಬಂಧವನ್ನು ಹಿಂದೆಗೆದುಕೊಂಡಿತು. ಕಾಗದದ ಪುಸ್ತಕವನ್ನು ಕೊಂಡ ಗ್ರಂಥಾಲಯ ಅದು ಹರಿದು ಚಿಂದಿಯಾಗುವವರೆಗೆ ಊರಿಗೆಲ್ಲ ಓದಿಸುವ ಸ್ವಾತಂತ್ರ್ಯವನ್ನು ಪಡೆದಿದ್ದಿತು. ಆ ಸ್ವಾತಂತ್ರ್ಯ ಈ ಹೊಸ ರೂಪದಲ್ಲಿ ಉಳಿದಿಲ್ಲವೆಂಬುದು ಓದುವ ಸಮಾಜ ಗಂಭೀರವಾಗಿ ಚಿಂತಿಸಬೇಕಾದ ವಿಷಯವೆಂದು ನನ್ನ ದೃಢವಾದ ಅಭಿಪ್ರಾಯ.

ಈ ಎರವಲು ಪುಸ್ತಕ ಇ-ರೀಡರ್‌ಗೆ ಬಂದು ಸೇರುವ ಮಾರ್ಗಗಳು ಬೇರೆ ಬೇರೆ. ಕಿಂಡಲ್‌ಗೆ ಓವರ್‌ಡ್ರೈವ್ ಮೂಲಕ ಗ್ರಂಥಾಲಯದ ಪುಸ್ತಕ ಬರತೊಡಗಿದ್ದು ೨೦೧೧ರ ಸೆಪ್ಟೆಂಬರಿನಲ್ಲಿ. ಆದರೆ ಆ ಸೌಲಭ್ಯ ಅಮೆರಿಕದ ಗ್ರಂಥಾಲಯಗಳಿಗೆ ಮಾತ್ರ ಸೀಮಿತ. ಟೊರಾಂಟೊ ನಗರದಲ್ಲಿ ೨೦೦೯ರಲ್ಲಿ ಹುಟ್ಟಿದ ಕೋಬೋ ಕಂಪನಿಯ ಸಾಧನಗಳಲ್ಲಿಯಾದರೋ ಗ್ರಂಥಾಲಯವು ಸಾಧನದ ಒಳಗೇ ಅಡಕವಾಗಿರುತ್ತದೆ. ಜಪಾನಿನ ರಾಕುಟೆನ್ ಸಂಸ್ಥೆ ಕೋಬೋವನ್ನು ಕೊಂಡುಕೊಂಡು, ೨೦೧೫ರಲ್ಲಿ ಓವರ್‌ಡ್ರೈವನ್ನೂ ಕೊಂಡು, ಎರಡನ್ನೂ ಕೆಲವು ಕಾಲ ಒಂದೇ ಒಡೆತನದಲ್ಲಿರಿಸಿದ್ದರ ಫಲವಿದು. ೨೦೨೦ರಲ್ಲಿ ಓವರ್‌ಡ್ರೈವ್ ಬೇರೆಯವರ ಪಾಲಾದರೂ ಸೌಲಭ್ಯ ಮುಂದುವರಿದಿದೆ. ಮೂರನೆಯ ಮಾರ್ಗ ಸ್ವಲ್ಪ ಸುತ್ತುಬಳಸಿನದು: ಅಡೋಬಿ ಡಿಜಿಟಲ್ ಎಡಿಷನ್ಸ್ ಎಂಬ ತಂತ್ರಾಂಶದಲ್ಲಿ ಖಾತೆ ತೆರೆದು, ಪುಸ್ತಕವನ್ನು ಮೊದಲು ಕಂಪ್ಯೂಟರಿಗೆ ಇಳಿಸಿಕೊಂಡು, ಕೇಬಲ್ಲಿನ ಮೂಲಕ ಸಾಧನಕ್ಕೆ ದಾಟಿಸುವುದು. ಕೋಬೋ, ಪಾಕೆಟ್‌ಬುಕ್ ಮೊದಲಾದವು ಇದನ್ನು ಒಪ್ಪುತ್ತವೆ; ಕಿಂಡಲ್ ಒಪ್ಪುವುದಿಲ್ಲ. ನಾಲ್ಕನೆಯದು, ಬೂಕ್ಸ್‌ನಂಥ ಆಂಡ್ರಾಯ್ಡ್ ಆಧಾರಿತ ಇ-ಇಂಕ್ ಸಾಧನಗಳಲ್ಲಿ, ಫೋನಿನಲ್ಲಿ ಮಾಡುವಂತೆಯೇ, ಲಿಬ್ಬಿಯನ್ನೋ ಬೇರೆ ಗ್ರಂಥಾಲಯದ ಆ್ಯಪನ್ನೋ ನೇರವಾಗಿ ಹಾಕಿಕೊಳ್ಳುವುದು.

ಇಲ್ಲಿ ಕನ್ನಡಿಗರ ಕುಟುಂಬಗಳಲ್ಲಿ ಆಗಾಗ ನಡೆಯುವ ಒಂದು ಸಂಗತಿಯನ್ನು ಹೇಳಬೇಕು. ಅಮೆರಿಕದಲ್ಲಿ ನೆಲೆಸಿದ ಮಗನೋ ಮಗಳೋ ಅಲ್ಲಿ ತಾವು ಕಿಂಡಲ್‌ನಲ್ಲಿ ಗ್ರಂಥಾಲಯದ ಪುಸ್ತಕಗಳನ್ನು ಓದಿ ಸಂತೋಷಪಟ್ಟು, ಮೈಸೂರಿನಲ್ಲಿಯೋ ಶಿವಮೊಗ್ಗದಲ್ಲಿಯೋ ಇರುವ ತಂದೆತಾಯಿಗಳಿಗೂ ಅಂಥದೊಂದನ್ನು ತಂದುಕೊಡುತ್ತಾರೆ. ಸಾಧನ ಅದೇ ಆದರೂ ಸೌಲಭ್ಯ ಬೇರೆ. ಭಾರತದ ಖಾತೆಗೆ ಜೋಡಿಸಿದ ಕಿಂಡಲ್‌ಗೆ ಆ ಎರವಲು ಪುಸ್ತಕಗಳು ಬರುವುದಿಲ್ಲ. ತಿಂಗಳ ಚಂದಾ ಕೊಟ್ಟು ಓದುವ ಯೋಜನೆಯೊಂದು ಇಲ್ಲಿಯೂ ಉಂಟು; ಆದರೆ ಚಂದಾ ನಿಂತ ದಿನ ಆ ಪುಸ್ತಕಗಳೂ ಹೋಗುತ್ತವೆ, ಮತ್ತು ಅದನ್ನು ಗ್ರಂಥಾಲಯವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಕೊಡುಗೆ ಕೊಡುವವರು ಪಡೆಯುವವರು ಏನನ್ನು ಓದುತ್ತಾರೆಂಬುದನ್ನು ಮೊದಲು ವಿಚಾರಿಸಿದರೆ ಇಬ್ಬರಿಗೂ ಒಳ್ಳೆಯದು.

ಸಾಧನದ ಯಜಮಾನನು ಯಾರೆಂಬ ಪ್ರಶ್ನೆಯೂ ಇದಕ್ಕೆ ಸೇರಿದ್ದೇ. ೨೦೦೯ರ ಜುಲೈ ತಿಂಗಳಲ್ಲಿ, ಹಕ್ಕಿಲ್ಲದವರೊಬ್ಬರು ಮಾರಾಟಕ್ಕಿಟ್ಟಿದ್ದರೆಂಬ ಕಾರಣದಿಂದ, ಜಾರ್ಜ್ ಆರ್ವೆಲ್‌ನ ಎರಡು ಕಾದಂಬರಿಗಳನ್ನು ಅಮೆಜಾನ್ ಕಂಪನಿಯು ಕೊಂಡವರ ಕಿಂಡಲ್‌ಗಳ ಒಳಗಿನಿಂದಲೇ ಅಳಿಸಿಹಾಕಿತು. ಹಣವನ್ನು ಹಿಂದಿರುಗಿಸಿತು, ಅದರ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆಯನ್ನೂ ಯಾಚಿಸಿದರು. ೨೦೧೯ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ, ಹಣವನ್ನು ಮರಳಿಸಿದರೂ, ಓದುಗರು ಕೊಂಡಿದ್ದ ಪುಸ್ತಕಗಳೆಲ್ಲ ಕಣ್ಮರೆಯಾದವು. ತಾನು ಕೊಂಡ ಕಿಂಡಲ್ ಪುಸ್ತಕಗಳನ್ನು ಓದುಗನು ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಲು ಇದ್ದ ಅವಕಾಶವನ್ನು ಅಮೆಜಾನ್ ೨೦೨೫ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಆದರೆ ಓದುಗನು ತಾನೇ ಬೇರೆಡೆಯಿಂದ ತಂದ ಕಡತಗಳನ್ನು ಕೇಬಲ್ಲಿನ ಮೂಲಕ ತುಂಬಿಕೊಳ್ಳಲು ಇದರಿಂದ ಅಡ್ಡಿಯಾಗಿಲ್ಲ. ಉಚಿತ ಪುಸ್ತಕಗಳ ಓದುಗನಿಗೆ ಬಹುಮುಖ್ಯವಾದ ಸಂಗತಿಯಿದು. ಎರವಲು ತಂದುದು ಹಿಂದಿರುಗಿ ಹೋಗುವುದು ಧರ್ಮ. ಆದರೆ ಸರ್ವರ ಸ್ವತ್ತಾದ ಪುಸ್ತಕ ನಮ್ಮ ಕೈಸೇರಿದ ಮೇಲೆ ಯಾರ ಅನುಮತಿಯೂ ಇಲ್ಲದೆ ನಮ್ಮಲ್ಲಿಯೇ ಉಳಿಯಬೇಕು. ಅದಕ್ಕೆ ಅವಕಾಶವೀಯದ ಸಾಧನವನ್ನು, ಎಷ್ಟೇ ಅಗ್ಗವಾಗಿ ದೊರೆತರೂ, ಕೊಳ್ಳಬಾರದು.

ಯಾವ ಪುಸ್ತಕ ಸರ್ವರ ಸ್ವತ್ತು ಎಂಬುದನ್ನು ನಿರ್ಣಯಿಸುವುದು ಆಯಾ ದೇಶದ ಕಾನೂನು. ನಮ್ಮ ದೇಶದಲ್ಲಿ ೧೯೫೭ರ ಕಾಯಿದೆಯಂತೆ ಲೇಖಕನ ಮರಣಾನಂತರ ೫೦ ವರ್ಷಗಳಿದ್ದ ಅವಧಿ ಈಗ ೬೦ ವರ್ಷಗಳಾಗಿದೆ. ಈ ಹೆಚ್ಚಳಕ್ಕೆ ಸಂದರ್ಭವಾದುದು ೧೯೪೧ರಲ್ಲಿ ಕಾಲವಾದ ರವೀಂದ್ರನಾಥ ಠಾಕೂರರ ಕೃತಿಗಳು. ೧೯೯೧ರ ಅಂತ್ಯಕ್ಕೆ ಅವು ಮುಕ್ತವಾಗಬೇಕಾಗಿದ್ದ ಹೊತ್ತಿಗೆ ಸರಕಾರ ಅವಧಿಯನ್ನು ಹತ್ತು ವರ್ಷ ವಿಸ್ತರಿಸಿತು. ಲೇಖಕನು ತೀರಿಕೊಂಡ ವರ್ಷದ ಮರುವರ್ಷದ ಆದಿಯಿಂದ ೬೦ನ್ನು ಎಣಿಸಬೇಕು. ಹೀಗೆ ಎಣಿಸಿದರೆ ಬಿ.ಎಂ. ಶ್ರೀಕಂಠಯ್ಯನವರೂ ಕೈಲಾಸಂ ಅವರೂ ಪಂಜೆ ಮಂಗೇಶರಾಯರೂ ಗಳಗನಾಥರೂ ಎಂದೋ ಮುಕ್ತರಾದರು. ೧೯೬೩ರಲ್ಲಿ ಅಗಲಿದ ಗೋವಿಂದ ಪೈಗಳ ಕೃತಿಗಳೂ, ಅದೇ ವರ್ಷ ಮೂವತ್ತೈದು ತುಂಬುವ ಮೊದಲೇ ಕಣ್ಮರೆಯಾದ ತ್ರಿವೇಣಿಯವರ ಜೀವಿತಕಾಲದಲ್ಲಿ ಪ್ರಕಟವಾದ ಕಾದಂಬರಿಗಳೂ ೨೦೨೪ರ ಜನವರಿ ೧ರಿಂದ ಈ ದೇಶದಲ್ಲಿ ಸರ್ವರ ಸ್ವತ್ತು. ಬೇಂದ್ರೆಯವರಿಗಾಗಿ ೨೦೪೨ರವರೆಗೆ, ಕುವೆಂಪು ಅವರಿಗಾಗಿ ೨೦೫೫ರವರೆಗೆ ಕಾಯಬೇಕು. ಅಮೆರಿಕದ ಲೆಕ್ಕ ಬೇರೆ: ಅಲ್ಲಿ ಹಳೆಯ ಕೃತಿಗಳಿಗೆ ಪ್ರಕಟವಾದ ವರ್ಷದಿಂದ ೯೫ ವರ್ಷ, ಆದುದರಿಂದ ಇಲ್ಲಿ ಮುಕ್ತವಾದ ತ್ರಿವೇಣಿಯವರ ಕಾದಂಬರಿ ಅಲ್ಲಿನ ಕನ್ನಡಿಗನಿಗೆ ಮುಕ್ತವಾಗಿರಬೇಕೆಂದಿಲ್ಲ. ಮೂಲಕೃತಿ ಮುಕ್ತವಾದರೂ ಈಚಿನ ಸಂಪಾದಕರು ಬರೆದ ಮುನ್ನುಡಿಗೆ, ಟಿಪ್ಪಣಿಗೆ ಸ್ವಾಮ್ಯವಿರುತ್ತದೆ ಎಂಬುದನ್ನೂ ನೆನಪಿಡಬೇಕು.

ಇಂಗ್ಲಿಷ್ ಓದುವವರ ಭಾಗ್ಯ ಈ ವಿಷಯದಲ್ಲಿ ದೊಡ್ಡದು. ೧೯೭೧ರ ಜುಲೈ ೪ರಂದು ಇಲಿನಾಯ್ ವಿಶ್ವವಿದ್ಯಾನಿಲಯದ ಕಂಪ್ಯೂಟರಿನಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಬೆರಳಚ್ಚು ಮಾಡಿ ಹಾಕುವ ಮೂಲಕ ಮೈಕೇಲ್ ಹಾರ್ಟ್ ಆರಂಭಿಸಿದ ಗುಟೆನ್‌ಬರ್ಗ್ ಯೋಜನೆ ಇಂದು ೭೦,೦೦೦ಕ್ಕೂ ಮಿಕ್ಕ ಪುಸ್ತಕಗಳನ್ನು ಯಾವ ನಿರ್ಬಂಧವೂ ಇಲ್ಲದೆ ಕೊಡುತ್ತಿದೆ. ಅವುಗಳಲ್ಲಿ ಆಯ್ದವನ್ನು ತಿದ್ದಿ, ಅಂದವಾಗಿ ಅಳವಡಿಸಿ ಕೊಡುವ ಸ್ಟ್ಯಾಂಡರ್ಡ್ ಇಬುಕ್ಸ್ ಎಂಬ ಸ್ವಯಂಸೇವಕರ ಬಳಗವೂ ಇದೆ. ಇವೆಲ್ಲ ಇಪಬ್ ಎಂಬ ರೂಪದಲ್ಲಿ ದೊರೆಯುತ್ತವೆ. ಅಕ್ಷರವನ್ನು ಹಿಗ್ಗಿಸಿದರೂ ಕುಗ್ಗಿಸಿದರೂ ಸಾಲುಗಳು ಪರದೆಗೆ ತಕ್ಕಂತೆ ಹೊಂದಿಕೊಳ್ಳುವುದು ಇಪಬ್‌ನ ಗುಣ. ಕಿಂಡಲ್‌ನ ಹೊರತು ಬಹುತೇಕ ಎಲ್ಲ ಸಾಧನಗಳೂ ಅದನ್ನು ನೇರವಾಗಿ ಓದುತ್ತವೆ, ಕಿಂಡಲ್‌ಗೂ ೨೦೨೨ರಿಂದೀಚೆಗೆ ಅಮೆಜಾನಿನ ಮೂಲಕ ಕಳುಹಿಸಿದರೆ ರೂಪಾಂತರಗೊಂಡು ಬರುತ್ತದೆ. ರೂಪಾಂತರದ ಕೆಲಸವನ್ನು ನಾವೇ ಮಾಡಿಕೊಳ್ಳಲು ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶವುಂಟು. ಭಾರತೀಯರಾದ ಕೋವಿದ್ ಗೋಯಲ್ ಎಂಬವರು ೨೦೦೬ರಲ್ಲಿ, ಸೋನಿಯ ಓದುಯಂತ್ರ ಲಿನಕ್ಸ್ ಕಂಪ್ಯೂಟರಿಗೆ ಹೊಂದಿಕೊಳ್ಳದ್ದರಿಂದ, ತಮ್ಮ ಉಪಯೋಗಕ್ಕೆಂದು ಬರೆಯಲಾರಂಭಿಸಿದ ಅದು ಇಂದು ಲೋಕದ ಇ-ಪುಸ್ತಕ ಓದುಗರಿಗೆಲ್ಲ ಆಸರೆಯಾಗಿದೆ. ಇಂಥ ಇಂಗ್ಲಿಷ್ ಪುಸ್ತಕಗಳನ್ನು ಮಾತ್ರ ಓದುವವನಿಗೆ ಆರು ಇಂಚಿನ ಯಾವ ಸಾಧನವಾದರೂ ಸಾಕು. ಸುಸ್ಥಿತಿಯಲ್ಲಿರುವ ಹಳೆಯದು ದೊರೆತರೆ, ಹಿಂದಿನವರ ಖಾತೆಯಿಂದ ಅದನ್ನು ಬಿಡಿಸಿರುವರೇ ಎಂದು ನೋಡಿಕೊಂಡು, ಕಡಮೆ ಬೆಲೆಗೆ ಕೊಳ್ಳಬಹುದು.

ಕನ್ನಡದ ಓದುಗನ ಸಮಸ್ಯೆ ಇಷ್ಟು ಸರಳವಲ್ಲ. ಕನ್ನಡದ ಹಳೆಯ ಗ್ರಂಥಗಳು ಉಚಿತವಾಗಿ ದೊರೆಯುವುದಿಲ್ಲವೆಂದು ಕೆಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಕಂಪ್ಯೂಟರ್ ವಿಜ್ಞಾನಿ ರಾಜ್ ರೆಡ್ಡಿಯವರ ಪ್ರೇರಣೆಯಿಂದಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಿಂದಲೂ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಅವು ಇಂದು ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ದೊರೆಯುತ್ತವೆ. ರೋಮನ್ ಲಿಪಿಯಲ್ಲಿ ತಪ್ಪುತಪ್ಪಾಗಿ ನಮೂದಾಗಿದ್ದ ಆ ಪುಸ್ತಕಗಳ ಹೆಸರುಗಳನ್ನು ಕನ್ನಡಕ್ಕೆ ತಂದು, ಕನ್ನಡದಲ್ಲಿಯೇ ಹುಡುಕುವಂತೆ ಮಾಡಿದ ‘ಸಂಚಯ’ ಬಳಗದ ಸ್ವಯಂಸೇವಕರ ಉಪಕಾರವನ್ನು ನಾವು ಮರೆಯುವಂತಿಲ್ಲ. ಬೆಂಗಳೂರಿನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಎಂಬ ಹೆಸರಿನಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನೂ ನಿಯತಕಾಲಿಕೆಗಳನ್ನೂ ಸ್ಕ್ಯಾನ್ ಮಾಡುವ ಕೆಲಸ ನಡೆಯುತ್ತಿದೆ. ಆದರೆ ಇವೆಲ್ಲ ಪುಟಗಳ ಚಿತ್ರಗಳು, ಪಿಡಿಎಫ್‌ಗಳು. ಆರ್ಕೈವ್‌ನಲ್ಲಿ ಅದೇ ಪುಸ್ತಕದ ಇಪಬ್ ರೂಪವೂ ಕಾಣುತ್ತದೆ. ಅದು ಯಂತ್ರವು ಚಿತ್ರವನ್ನು ತಾನೇ ಓದಿ ಅಕ್ಷರಕ್ಕಿಳಿಸಿದ್ದು, ಹಳೆಯ ಅಚ್ಚುಮೊಳೆಯ ಕನ್ನಡದಲ್ಲಿ ಒತ್ತಕ್ಷರಗಳೂ ದೀರ್ಘಗಳೂ ಕಲಸಿಹೋಗಿ ಸಾಲುಸಾಲಿಗೂ ತಪ್ಪಿರುವುದೇ ಹೆಚ್ಚು. ಅದನ್ನು ಬಿಟ್ಟು ಪಿಡಿಎಫನ್ನೇ ಇಳಿಸಿಕೊಳ್ಳಬೇಕು. ಇಳಿಸಿಕೊಂಡುದನ್ನು ನಮ್ಮ ಕಂಪ್ಯೂಟರಿನಲ್ಲಿಯೂ ಒಂದು ಪ್ರತಿ ಉಳಿಸಿಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ. ಆ ಆರ್ಕೈವ್ ಸ್ವಾಮ್ಯವುಳ್ಳ ಪುಸ್ತಕಗಳನ್ನು ಎರವಲು ಕೊಡುತ್ತಿದ್ದ ಪದ್ಧತಿಯ ವಿರುದ್ಧ ೨೦೨೦ರಲ್ಲಿ ಪ್ರಕಾಶಕರು ಹೂಡಿದ ದಾವೆಯಲ್ಲಿ ೨೦೨೩ರಲ್ಲಿಯೂ ೨೦೨೪ರ ಮೇಲ್ಮನವಿಯಲ್ಲಿಯೂ ಅದು ಸೋತು, ೫ ಲಕ್ಷಕ್ಕೂ ಮಿಕ್ಕ ಪುಸ್ತಕಗಳನ್ನು ಎರವಲಿನಿಂದ ತೆಗೆದುಹಾಕಬೇಕಾಯಿತು. ನಮ್ಮ ಹಳೆಯ ಕೃತಿಗಳಿಗೆ ಆ ತೀರ್ಪು ಅನ್ವಯಿಸದಿದ್ದರೂ, ಒಂದೇ ಸಂಸ್ಥೆಯ ಭುಜದ ಮೇಲೆ ಕನ್ನಡದ ಇಷ್ಟು ದೊಡ್ಡ ಭಾಂಡಾರ ನಿಂತಿದೆಯೆಂಬುದು ನನ್ನನ್ನು ಕಳವಳಗೊಳಿಸುತ್ತದೆ.

ಪುಟದ ಚಿತ್ರವನ್ನು ಓದಬೇಕಾದಾಗ ಪರದೆಯ ಅಳತೆಯೇ ಸರ್ವಸ್ವ. ಚಿತ್ರದಲ್ಲಿ ಅಕ್ಷರವನ್ನಷ್ಟೇ ಹಿಗ್ಗಿಸಲಾಗದು. ಪುಟವೇ ಹಿಗ್ಗಿ ಪರದೆಯ ಆಚೆ ಹರಿದುಹೋಗುತ್ತದೆ. ನಮ್ಮ ಹಿಂದಿನ ಕನ್ನಡ ಪುಸ್ತಕಗಳು ಬಹುಮಟ್ಟಿಗೆ ಕ್ರೌನ್ ೧/೮ ಅಥವಾ ಡೆಮಿ ೧/೮ ಆಕಾರದವು. ಕ್ರೌನ್ ಪುಟ ಸುಮಾರು ಏಳೂಕಾಲು ಇಂಚು ಉದ್ದ, ನಾಲ್ಕೂಮುಕ್ಕಾಲು ಇಂಚು ಅಗಲ. ಸುತ್ತಣ ಅಂಚನ್ನು ಕತ್ತರಿಸಿ ತೆಗೆದರೆ ಅಚ್ಚಾದ ಭಾಗ ಸುಮಾರು ಐದೂಮುಕ್ಕಾಲು ಇಂಚಿಗೆ ಮೂರೂವರೆ ಇಂಚು ಉಳಿದೀತು. ಆರು ಇಂಚಿನದೆಂದು ಹೇಳುವ ಪರದೆಯ ನಿಜವಾದ ಉದ್ದ ೪.೮ ಇಂಚು, ಅಗಲ ೩.೬ ಇಂಚು, ಏಕೆಂದರೆ ಆರು ಎಂಬುದು ಮೂಲೆಯಿಂದ ಮೂಲೆಗೆ ಅಳೆದುದು. ಇದರಲ್ಲಿ ಕ್ರೌನ್ ಪುಟ ಮೂಲಕ್ಕಿಂತ ಆರನೆಯ ಒಂದು ಭಾಗದಷ್ಟು ಕುಗ್ಗಿ ಕಾಣುತ್ತದೆ. ಎಳೆಯ ಕಣ್ಣಿಗೆ ಅಡ್ಡಿಯಿಲ್ಲ. ಡೆಮಿ ಪುಟವಾದರೆ ಮೂರನೆಯ ಒಂದು ಭಾಗದಷ್ಟು ಕುಗ್ಗಿ, ಅಕ್ಷರದ ಕೆಳಗೆ ಮತ್ತೊಂದು ಅಕ್ಷರವನ್ನು ಹೊತ್ತು ನಡೆಯುವ ನಮ್ಮ ಲಿಪಿಯಲ್ಲಿ ಒತ್ತುಗಳೆಲ್ಲ ಚುಕ್ಕೆಗಳಾಗಿ ಉಳಿಯುತ್ತವೆ. ಸಾಧನವನ್ನು ಅಡ್ಡಲಾಗಿ ಹಿಡಿದು ಅರ್ಧರ್ಧ ಪುಟವಾಗಿ ಓದಬಹುದು; ಒಂದೆರಡು ಪುಸ್ತಕಕ್ಕೆ ಅದು ಸರಿ, ನಿತ್ಯದ ಓದಿಗೆ ಅಲ್ಲ. ೭.೮ ಇಂಚಿನ ಪರದೆ ೬.೨ಕ್ಕೆ ೪.೭ ಇಂಚಿನದಾದುದರಿಂದ ಕ್ರೌನ್ ಪುಸ್ತಕ ಅದರಲ್ಲಿ ಅಚ್ಚಾದಷ್ಟೇ ದೊಡ್ಡದಾಗಿ, ಇನ್ನೂ ಕೊಂಚ ಹೆಚ್ಚಾಗಿಯೇ, ಕಾಣುತ್ತದೆ. ಡೆಮಿಯೂ ನಿರಾಯಾಸವಾಗಿ ಓದಿಸಿಕೊಳ್ಳುತ್ತದೆ. ೧೦.೩ ಇಂಚಿನದು ಎಲ್ಲಕ್ಕೂ ಸಾಕು, ಆದರೆ ಬೆಲೆ ಆರು ಇಂಚಿನದರ ಎರಡು ಮೂರು ಪಟ್ಟು, ಒಂದು ಕೈಯಲ್ಲಿ ಹಿಡಿದು ಓದಲು ಭಾರ. ಅಳತೆಯ ಜೊತೆಗೆ ಚುಕ್ಕೆಗಳ ಸಾಂದ್ರತೆಯನ್ನೂ ನೋಡಬೇಕು. ಇಂಚಿಗೆ ೩೦೦ ಚುಕ್ಕೆಗಳಿರುವ ಪರದೆಯಲ್ಲಿ ಒತ್ತಕ್ಷರ ಸ್ಪಷ್ಟ. ಬಣ್ಣದ ಇ-ಇಂಕ್ ಪರದೆಗಳು ಈಗ ಬಂದಿದ್ದರೂ, ಅವುಗಳಲ್ಲಿ ಬಿಳುಪು ಮಂಕಾಗುವುದರಿಂದ, ಮೊದಲೇ ಕಂದಿದ ಹಳೆಯ ಪುಟಗಳ ಓದಿಗೆ ನಾನು ಕಪ್ಪುಬಿಳುಪಿನದನ್ನೇ ಬಯಸುತ್ತೇನೆ.

ಅಂಚು ಕತ್ತರಿಸುವ, ಮಂಕಾದ ಮಸಿಯನ್ನು ಕಪ್ಪಾಗಿಸುವ, ಚಿತ್ರದಲ್ಲಿನ ಪದಗಳನ್ನು ಬಿಡಿಬಿಡಿಯಾಗಿ ಗುರುತಿಸಿ ಪರದೆಗೆ ತಕ್ಕಂತೆ ಮರುಜೋಡಿಸುವ ಕೆಲಸಗಳನ್ನೆಲ್ಲ ಮಾಡಬಲ್ಲ ಕೋರೀಡರ್ ಎಂಬ ಮುಕ್ತ ತಂತ್ರಾಂಶವೊಂದುಂಟು. ಕೋಬೋ ಮತ್ತು ಪಾಕೆಟ್‌ಬುಕ್ ಸಾಧನಗಳಲ್ಲಿ ಅದನ್ನು ಹೆಚ್ಚು ತೊಡಕಿಲ್ಲದೆ ಅಳವಡಿಸಬಹುದು. ಆಂಡ್ರಾಯ್ಡ್ ಸಾಧನಗಳಲ್ಲಿ ಇನ್ನೂ ಸುಲಭ. ಕಿಂಡಲ್‌ನಲ್ಲಿ ಕಂಪನಿ ಹಾಕಿದ ಬೀಗವನ್ನು ಮುರಿದೇ ಹಾಕಬೇಕಾದುದರಿಂದ ಸಾಮಾನ್ಯ ಓದುಗರು ಅದಕ್ಕೆ ಕೈಹಾಕದಿರುವುದು ಲೇಸು. ಕನ್ನಡದ ಸ್ಕ್ಯಾ‌ನ್ ಪುಸ್ತಕಗಳನ್ನು ಓದುವವರಿಗೆ ಕೋರೀಡರ್‌ನಷ್ಟು ಉಪಕಾರಿಯಾದುದು ಬೇರೊಂದಿಲ್ಲ.

ಪಠ್ಯರೂಪದಲ್ಲಿಯೇ ಇರುವ ಕನ್ನಡ ಪುಸ್ತಕಗಳೂ ಅಲ್ಪಸ್ವಲ್ಪ ಉಂಟು. ಕನ್ನಡ ವಿಕಿಸೋರ್ಸ್‌ನಲ್ಲಿರುವ ಕೃತಿಗಳನ್ನು ಇಪಬ್ ರೂಪದಲ್ಲಿ ಇಳಿಸಿಕೊಳ್ಳಬಹುದು. ಆದರೆ ಇಲ್ಲಿ ಮತ್ತೊಂದು ವಿಘ್ನ: ಸಾಧನಕ್ಕೆ ಕನ್ನಡ ಅಕ್ಷರಗಳನ್ನು ಸರಿಯಾಗಿ ಕೂಡಿಸಲು ಬರುತ್ತದೆಯೆ? ಅಮೆಜಾನ್ ೨೦೧೬ರ ಡಿಸೆಂಬರಿನಲ್ಲಿ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳನ್ನು ತಂದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ಕೋಟ್ಯಂತರ ಜನರ ಭಾಷೆಯೊಂದನ್ನು ಹಾಗೆ ಹೊರಗಿಟ್ಟದ್ದು ನಮ್ಮ ಓದುಗರ ಮನಸ್ಸಿಗೆ ನೋವುಂಟುಮಾಡಿದ ಸಂಗತಿ. ಸಾಧನಗಳಲ್ಲಿ ಕನ್ನಡ ಕಾಣುವ ರೀತಿ ಮಾದರಿಯಿಂದ ಮಾದರಿಗೆ, ತಂತ್ರಾಂಶದ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಿರುವುದರಿಂದ, ಮಾರುವವರ ಮಾತನ್ನು ನೆಚ್ಚದೆ ನಾವೇ ಪರೀಕ್ಷಿಸಿಕೊಳ್ಳಬೇಕು. ಸ್ವಾತಂತ್ರ್ಯ, ಶಾಸ್ತ್ರ, ಸೂರ್ಯ, ಕರ್ತೃ, ಲಕ್ಷ್ಮೀ, ಉಜ್ಜ್ವಲ ಮುಂತಾದ ಪದಗಳಿರುವ ಒಂದು ಪುಟವನ್ನು ಯೂನಿಕೋಡ್‌ನಲ್ಲಿ ಸಿದ್ಧಪಡಿಸಿ, ಇಪಬ್ ಮಾಡಿ, ಕೊಳ್ಳಲಿರುವ ಸಾಧನದಲ್ಲಿ, ಅಥವಾ ಅದೇ ಮಾದರಿ ಇರುವ ಮಿತ್ರರ ಸಾಧನದಲ್ಲಿ, ತೆರೆದು ನೋಡಬೇಕು. ಅರ್ಕಾವತ್ತು ತನ್ನ ಸ್ಥಾನದಲ್ಲಿದೆಯೆ, ಒತ್ತು ಕೆಳಗಿಳಿದಿದೆಯೆ, ಇಲ್ಲವೇ ಅಕ್ಷರಗಳು ಬಿಡಿಬಿಡಿಯಾಗಿ ಸಾಲುಗಟ್ಟಿವೆಯೆ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಸಾಧನದಲ್ಲಿ ಕನ್ನಡದ ಫಾಂಟು ಇಲ್ಲವೆಂದಷ್ಟೇ ಅರ್ಥ. ನೋಟೋ, ಲೋಹಿತ್ ಮೊದಲಾದ ಉಚಿತ ಫಾಂಟುಗಳನ್ನು ಅದರಲ್ಲಿ ಹಾಕಿ ಮತ್ತೆ ನೋಡಬೇಕು. ಪುಟವೆಲ್ಲ ಇಂಗ್ಲಿಷ್ ಅಕ್ಷರಗಳ ಅಸ್ತವ್ಯಸ್ತ ರಾಶಿಯಾಗಿದ್ದರೆ ದೋಷ ಸಾಧನದ್ದಲ್ಲ. ಆ ಪುಸ್ತಕವನ್ನು ಯೂನಿಕೋಡ್ ರೂಢಿಯಾಗುವ ಮೊದಲಿನ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಲಾಗಿದೆ, ಅದನ್ನು ಪರಿವರ್ತಿಸಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ಇಂದು ಬದುಕಿರುವ ಕನ್ನಡ ಲೇಖಕರ ಪುಸ್ತಕವನ್ನು ಇ-ರೀಡರ್‌ನಲ್ಲಿ ಎರವಲು ಪಡೆದು ಓದುವುದು ಹೇಗೆಂಬ ಪ್ರಶ್ನೆ ಉಳಿಯುತ್ತದೆ. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ ೨೦೨೦ರಲ್ಲಿ ಡಿಜಿಟಲ್ ಗ್ರಂಥಾಲಯವನ್ನು ಆರಂಭಿಸಿದೆ. ಆದರೆ ಅದರ ಬಳಕೆ ಕಂಪ್ಯೂಟರ್ ಮತ್ತು ಫೋನುಗಳ ಮೂಲಕ. ಕನ್ನಡದ ಹೊಸ ಪುಸ್ತಕಗಳನ್ನು ಮಾರುವ ಮೈಲ್ಯಾಂಗ್‌ನಂಥವೂ ತಮ್ಮ ಆ್ಯಪಿನೊಳಗೇ ಓದಿಸುತ್ತವೆ. ಆದುದರಿಂದ ಇವೆರಡನ್ನೂ ಇ-ಇಂಕ್ ಪರದೆಯ ಮೇಲೆ ಓದಬೇಕೆನ್ನುವವನಿಗೆ ಆಂಡ್ರಾಯ್ಡ್ ಆಧಾರಿತ ಸಾಧನವೊಂದೇ ಸದ್ಯದ ದಾರಿ. ಅದರಲ್ಲಿ ಬ್ಯಾಟರಿ ಬೇಗ ಕರಗುತ್ತದೆ, ಹೊಂದಿಸಿಕೊಳ್ಳಬೇಕಾದ ಅಂಶಗಳೂ ಹೆಚ್ಚು. ಆದರೆ ಕನ್ನಡ ಲಿಪಿ ಅದರಲ್ಲಿ ಸರಿಯಾಗಿ ಮೂಡುತ್ತದೆ. ಕೆಲವರು ಇಷ್ಟು ಶ್ರಮವೇಕೆಂದು, ಹೊಸ ಪುಸ್ತಕಗಳ ಕದ್ದ ಪಿಡಿಎಫ್‌ಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಿಂದ ಪಡೆದು ಉಚಿತವೆಂದು ಹಂಚುತ್ತಾರೆ. ಸಾವಿರ ಪ್ರತಿ ಖರ್ಚಾದರೆ ಸಂತೋಷಪಡುವ ಸ್ಥಿತಿಯಲ್ಲಿರುವ ಕನ್ನಡ ಪ್ರಕಾಶಕನಿಗೂ ಲೇಖಕನಿಗೂ ಅದರಿಂದಾಗುವ ಹಾನಿಯನ್ನು ಬಲ್ಲವರು ಅಂಥ ಕೆಲಸ ಮಾಡಲಾರರು.

ನನ್ನನ್ನು ಕೇಳುವವರಿಗೆ ನಾನು ಕೊಡುವ ಸಲಹೆ ಹೀಗಿದೆ. ಅಮೆರಿಕದಲ್ಲಿದ್ದು ಅಲ್ಲಿನ ಗ್ರಂಥಾಲಯದ ಪುಸ್ತಕಗಳನ್ನೇ ಮುಖ್ಯವಾಗಿ ಓದುವವರಿಗೆ ಕಿಂಡಲ್ ಅನುಕೂಲಕರ, ಕೋಬೋ ಹೆಚ್ಚು ಸ್ವತಂತ್ರ. ಕೆನಡಾ, ಬ್ರಿಟನ್‌ಗಳಲ್ಲಿರುವವರು ಎರಡನೆಯ ಯೋಚನೆಯಿಲ್ಲದೆ ಕೋಬೋ ಕೊಳ್ಳಬಹುದು. ಕರ್ನಾಟಕದಲ್ಲಿದ್ದು ಕನ್ನಡ ಇಂಗ್ಲಿಷ್ ಎರಡನ್ನೂ, ಹೊಸದು ಹಳೆಯದು ಎರಡನ್ನೂ ಓದುವವರು ೭.೮ ಇಂಚಿಗೆ ಕಡಮೆಯಿಲ್ಲದ ಆಂಡ್ರಾಯ್ಡ್ ಇ-ಇಂಕ್ ಸಾಧನವನ್ನು ಆರಿಸಬೇಕು. ಹಳೆಯ ಮುಕ್ತ ಕೃತಿಗಳಷ್ಟೇ ಸಾಕೆನ್ನುವವರಿಗೆ ಕೋರೀಡರ್ ಹಾಕಲು ಬರುವ ಅದೇ ಅಳತೆಯ ಬೇರೆ ಸಾಧನವೂ ಆದೀತು. ಕೊಳ್ಳುವ ಮುನ್ನ ಅದನ್ನು ಇಲ್ಲಿ ದುರಸ್ತಿ ಮಾಡಿಕೊಡುವವರು ಉಂಟೇ ಎಂಬುದನ್ನು ವಿಚಾರಿಸಿಕೊಳ್ಳಬೇಕು. ವಿದೇಶದಿಂದ ತರಿಸಿದ ಸಾಧನದ ಪರದೆ ಒಡೆದರೆ ಬಹುಮಟ್ಟಿಗೆ ಹೊಸದನ್ನೇ ಕೊಳ್ಳಬೇಕಾಗುತ್ತದೆ. ವೃದ್ಧರಾದ ತಂದೆತಾಯಿಗಳಿಗಾಗಿ ಕೊಳ್ಳುವವರು ವಿಶೇಷವಾಗಿ ಗಮನಿಸಬೇಕಾದುದೊಂದುಂಟು: ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದೆಂಬ ಪ್ರಸಿದ್ಧವಾದ ಸೌಲಭ್ಯ ಪಠ್ಯರೂಪದ ಪುಸ್ತಕಗಳಿಗೆ ಮಾತ್ರ ಸಲ್ಲುತ್ತದೆ, ಅವರು ಬಯಸುವುದು ತಮ್ಮ ಯೌವನದಲ್ಲಿ ಓದಿದ ಕನ್ನಡ ಕಾದಂಬರಿಗಳಾದರೆ ಅವು ಸಿಗುವುದು ಪುಟದ ಚಿತ್ರಗಳಾಗಿ, ಮತ್ತು ಅವಕ್ಕೆ ೧೦.೩ ಇಂಚಿನ ಪರದೆಯೇ ಬೇಕು. ಭಾರವಾಯಿತೆನ್ನುವವರಿಗೆ ಮೇಜಿನ ಮೇಲೆ ಓರೆಯಾಗಿ ನಿಲ್ಲಿಸುವ ಹೊದಿಕೆಯೊಂದನ್ನು ಜೊತೆಗೇ ಕೊಂಡು, ಮೊದಲ ಹತ್ತು ಹನ್ನೆರಡು ಪುಸ್ತಕಗಳನ್ನು ಅಂಚು ಕತ್ತರಿಸಿ, ಕನ್ನಡದಲ್ಲಿಯೇ ಹೆಸರಿಟ್ಟು, ತುಂಬಿಸಿಯೇ ಕೊಡುವುದು ಉಚಿತ.